ಸತ್ಯಾಂಶ: ‘ಬೊಜ್ಜಿನ ಜೀನ್’ ಇದ್ದರೆ ವ್ಯಾಯಾಮ ದಂಡವೇ?

‘ಬೊಜ್ಜಿನ ಜೀನ್ ಇದ್ದವರು ಏನು ಮಾಡಿದರೂ ತೂಕ ಇಳಿಯಲ್ಲ, ಶುಗರ್ ಗ್ಯಾರಂಟಿ’ ಎಂಬ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಎಳ್ಳಷ್ಟು ನಿಜ, ಉಳಿದದ್ದು ಒಗ್ಗರಣೆ.

ಅದು ಹೇಳುವ ಜೀನ್ ಎಫ್‌ಟಿಒ. ಬೊಜ್ಜಿನೊಂದಿಗೆ ಇದರ ನಂಟು ಬೆಳಕಿಗೆ ಬಂದದ್ದು 2007ರ ಅಧ್ಯಯನವೊಂದರಲ್ಲಿ. ಜೀನ್ ಎಲ್ಲರಲ್ಲೂ ಇದೆ. ವ್ಯತ್ಯಾಸ ಇರುವುದು ಅದರೊಳಗಿನ ಡಿಎನ್‌ಎ ಬರಹದ ಒಂದು ಅಕ್ಷರದಲ್ಲಿ. ತಂದೆ, ತಾಯಿ ಇಬ್ಬರಿಂದಲೂ ಅಪಾಯದ ಅಕ್ಷರವೇ ಬಂದವರು, ಅದು ಇಲ್ಲವೇ ಇಲ್ಲದವರಿಗಿಂತ ಸರಾಸರಿ ಸುಮಾರು 3 ಕಿಲೋ ಹೆಚ್ಚು ತೂಗುತ್ತಿದ್ದರು. ಮೂವತ್ತಲ್ಲ, ಮೂರು! ಅದೂ ಮುಖ್ಯವಾಗಿ ಹಸಿವು ಹೆಚ್ಚಿ, ಹೊಟ್ಟೆ ತುಂಬಿದ ಭಾವ ತಡವಾಗುವುದರಿಂದ.

ಇನ್ಸುಲಿನ್ ಪ್ರತಿರೋಧಕ್ಕೂ (ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದಕ್ಕೂ) ಈ ಜೀನ್‌ಗೂ ನಂಟಿದೆ, ಆದರೆ ಬಹುಪಾಲು ಕೊಬ್ಬಿನ ದಾರಿಯಲ್ಲೇ. ತೂಕದ ವ್ಯತ್ಯಾಸದ ಪಾಲನ್ನು ಲೆಕ್ಕದಿಂದ ಕಳೆದಾಗ 2007ರ ಆ ಅಧ್ಯಯನದಲ್ಲಿ ಮಧುಮೇಹದ ನಂಟೂ ಮಾಯವಾಯಿತು.

ವ್ಯಾಯಾಮದ ಮಾತಿಗೆ ಬಂದರೆ, 2011ರಲ್ಲಿ 2 ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಮೈ ಬಗ್ಗಿಸುವವರಲ್ಲಿ ಈ ಜೀನ್‌ನ ಪ್ರಭಾವ ಸುಮಾರು ಶೇ 27ರಷ್ಟು ಕಡಿಮೆಯಿತ್ತು.

ಎಂಸಿ4ಆರ್‌ನಂಥ ಒಂದೇ ಜೀನ್ ಕೆಟ್ಟು ಎಳವೆಯಲ್ಲೇ ತೀವ್ರ ಬೊಜ್ಜು ಬರುವುದೂ ಉಂಟು. ಅದು ಅಪರೂಪ, ತಜ್ಞರಿಗೆ ತೋರಿಸಬೇಕಾದ ವಿಚಾರ.