ಸಾಲಿನಲ್ಲಿ ಮೊದಲು ನಿಂತಿದ್ದಕ್ಕೆ ಚಿನ್ನದ ಪದಕ

ನನ್ನ ಮಗಳಿಗೆ ಅಂತಾರಾಷ್ಟ್ರೀಯ ಕರಾಟೆ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನದ ಪದಕ ಬಂದಿದೆ. ಪೇಪರ್‌ನಲ್ಲಿ ಫೋಟೊನೂ ಬಂತು. ಆಳಂದದಿಂದ ದೊಡ್ಡಮ್ಮ ಫೋನ್ ಮಾಡಿದರು, ಅಫಜಲಪುರದಿಂದ ಹೆಂಡತಿಯ ಅಣ್ಣ ಮಾಡಿದರು. ಎಲ್ಲರಿಗೂ ಹೂಂ ಹೂಂ ಅಂದು ಫೋನ್ ಇಟ್ಟೆ. ಯಾಕೆಂದರೆ ಅವತ್ತು ನನ್ನ ಮಗಳು ಒಂದೇ ಒಂದು ಪಂದ್ಯವನ್ನೂ ಆಡಿಲ್ಲ.

ಅವಳಿಗೆ 11 ವರ್ಷ. ಹಸಿರು ಬೆಲ್ಟ್. ಬೆಳಿಗ್ಗೆ ಐದೂವರೆಗೆ ತಾನೇ ಎದ್ದು ನನ್ನನ್ನೂ ಎಬ್ಬಿಸುತ್ತಾಳೆ. ನಮ್ಮ ಕಲಬುರಗಿಯ ಬೇಸಿಗೆ ಗೊತ್ತಲ್ಲ, ಎಂಟು ಗಂಟೆಗೆಲ್ಲ ಮೈದಾನದಲ್ಲಿ ಬರಿಗಾಲು ಇಡಲು ಆಗುವುದಿಲ್ಲ. ಆದರೂ ನಾಲ್ಕು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕರಾಟೆಯಲ್ಲಿ ಕಟಾ ಅಂದರೆ ಒಬ್ಬರೇ ನಿಂತು ಹೊಡೆತ, ತಡೆಗಳನ್ನು ಕ್ರಮವಾಗಿ ಮಾಡಿ ತೋರಿಸುವುದು. ಕುಮಿಟೆ ಅಂದರೆ ಎದುರಾಳಿಯ ಜೊತೆ ಆಡುವುದು. ಗುದ್ದಿಗೆ ಒಂದು ಪಾಯಿಂಟ್, ಹೊಟ್ಟೆಗೆ ಒದ್ದರೆ ಎರಡು, ತಲೆಯ ಎತ್ತರಕ್ಕೆ ಒದ್ದರೆ ಮೂರು. ನನ್ನ ಮಗಳಿಗೆ ಆ ಮೂರರ ಹುಚ್ಚು. ಮನೆ ಬಾಗಿಲ ಚೌಕಟ್ಟಿಗೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ದಿನಾ ಸಂಜೆ ಕಾಲು ಅಲ್ಲಿಗೆ ಮುಟ್ಟುತ್ತದಾ ಅಂತ ನೋಡುತ್ತಿದ್ದಳು. ಹತ್ತು ಮುಟ್ಟಿದ ಮೇಲೆಯೇ ಊಟ.

ಫೀಸು ಒಂದು ವಿಭಾಗಕ್ಕೆ 1,500 ರೂಪಾಯಿ. ಕುಮಿಟೆಗೆ ಕೆಂಪು ಗ್ಲೌಸ್ ಒಂದು ಜೊತೆ, ನೀಲಿ ಒಂದು ಜೊತೆ ಬೇಕು. ಯಾವ ಬಣ್ಣದ ಕಡೆ ಹೆಸರು ಬರುತ್ತದೋ ಮೊದಲೇ ಗೊತ್ತಾಗುವುದಿಲ್ಲ, ಹಾಗಾಗಿ ಎರಡೂ ತೆಗೆದುಕೊಳ್ಳಬೇಕು. ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಆ ತಿಂಗಳು ಮನೆ ಖರ್ಚಿನಲ್ಲಿ ಎಲ್ಲೆಲ್ಲಿ ಕೈ ಬಿಗಿ ಹಿಡಿದೆವು ಅಂತ ನನಗೂ ನನ್ನ ಹೆಂಡತಿಗೂ ಗೊತ್ತು. ಅದಕ್ಕೆ ನನಗೆ ಬೇಜಾರಿಲ್ಲ. ಮಗಳು ಆಡಲಿ ಅಂತಲೇ ಕೊಟ್ಟೆವು.

ಅವಳು ನನ್ನ ಫೋನಿನಲ್ಲಿ ರಿಯೊ ಕಿಯುನಾ ಅವರ ವಿಡಿಯೋ ನೋಡುತ್ತಿರುತ್ತಾಳೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಟಾ ಚಿನ್ನ ಗೆದ್ದವರು ಅವರು. ಕರಾಟೆ ಹುಟ್ಟಿದ ಒಕಿನಾವಾದವರೇ. ಪದಕ ತೆಗೆದುಕೊಳ್ಳುವಾಗ ತೀರಿಹೋದ ತಾಯಿಯ ಫೋಟೊ ಹಿಡಿದು ನಿಂತಿದ್ದರು. ಇವಳು ಅದನ್ನು ನೋಡಿ, "ನಾ ಗೆದ್ರ ಆಯಿ ಫೋಟೊ ಹಿಡಕೊಂಡು ನಿಂದರ್ತೀನಿ" ಅಂದಿದ್ದಳು. ನನ್ನ ಅವ್ವ ಹೋಗಿ ಒಂದು ವರ್ಷ ಆಯಿತು. ಆ ಫೋಟೊವನ್ನು ಟವೆಲ್‌ನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದಳು.

ರಿಂಗ್ ರೋಡಿನ ಹತ್ತಿರ ಒಂದು ಫಂಕ್ಷನ್ ಹಾಲ್. ಬೆಳಿಗ್ಗೆ ಎಂಟಕ್ಕೆ ಬರಬೇಕು ಅಂದಿದ್ದರು, ಏಳೂವರೆಗೇ ಹೋದೆವು. ನೂರಾರು ಮಕ್ಕಳು. ಹಾಸಿದ್ದು ಎರಡೇ ಮ್ಯಾಟು. ಇಷ್ಟು ಮಕ್ಕಳಿಗೆ ಎರಡು ಮ್ಯಾಟು ಸಾಲುವುದಿಲ್ಲ ಅಂತ ಫೀಸು ತೆಗೆದುಕೊಳ್ಳುವಾಗ ಗೊತ್ತಿರಲಿಲ್ಲವಾ? ಉದ್ಘಾಟನೆ ಹತ್ತಕ್ಕೆ ಅಂತ ಇತ್ತು. ಅತಿಥಿಗಳು ಬಂದಿದ್ದು ಒಂದು ಗಂಟೆಗೆ. ಅಲ್ಲಿಯವರೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಕೂಲರ್ ಇದ್ದಿದ್ದು ವೇದಿಕೆಯ ಕಡೆಗೆ ಮಾತ್ರ. ಭಾಷಣ, ಶಾಲು, ಹಾರ ಎಲ್ಲ ಮುಗಿಯುವಷ್ಟರಲ್ಲಿ ಎರಡೂವರೆ. ಇಬ್ಬರು ಮಕ್ಕಳು ತಲೆ ಸುತ್ತಿ ಕೂತರು. ನನ್ನ ಮಗಳು ರೊಟ್ಟಿ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದಿದ್ದಳು, ತಿನ್ನಲಿಲ್ಲ. ಹೊಟ್ಟೆ ತುಂಬಿದರೆ ಕಾಲು ಏಳುವುದಿಲ್ಲ ಅಂತ. ಹತ್ತು ಸಲ ಕೇಳಿದಳು, "ಅಪ್ಪಾ, ನನಗ ಯಾವಾಗ ಕರೀತಾರ?"

ಕರೆದಾಗ ಸಂಜೆ ಆರೂವರೆ. ಅವಳ ವಿಭಾಗದಲ್ಲಿ ಮೂರೇ ಹುಡುಗಿಯರು. ಯಾಕೆ ಮೂರೇ ಅಂತ ಆಮೇಲೆ ತಿಳಿಯಿತು. ವಿಶ್ವ ಕರಾಟೆ ಫೆಡರೇಷನ್ನಿನ ನಿಯಮದಲ್ಲಿ ಒಂದು ವಿಭಾಗಕ್ಕೆ ನಾಲ್ಕು ಪದಕ. ಒಂದು ಚಿನ್ನ, ಒಂದು ಬೆಳ್ಳಿ, ಎರಡು ಕಂಚು. ಅದು ಹತ್ತಾರು ಜನ ಸೆಣಸುವ ಕಡೆಗೆ ಮಾಡಿದ ನಿಯಮ. ಅಲ್ಲಿ ವಯಸ್ಸು, ತೂಕ ನೋಡುತ್ತಾರೆ, ಬೆಲ್ಟಿನ ಬಣ್ಣ ನೋಡಿ ಗುಂಪು ಮಾಡುವುದಿಲ್ಲ. ಇಲ್ಲಿ ಒಂದೊಂದು ವರ್ಷಕ್ಕೆ ಒಂದು ಗುಂಪು, ಅದರಲ್ಲಿ ಬೆಲ್ಟಿಗೆ ಒಂದು, ಮತ್ತೆ ತೂಕಕ್ಕೆ ಒಂದು. ಹೀಗೆ ಒಡೆದು ಒಡೆದು ಮೂರು ಮೂರು ಮಕ್ಕಳು ಬರುವ ಹಾಗೆ ಮಾಡಿದ್ದರು. ಬಂದ ಮಗು ಬರಿಗೈಯಲ್ಲಿ ಹೋಗಬಾರದು, ಮುಂದಿನ ಸಲವೂ ಫೀಸು ಕಟ್ಟಬೇಕು. ಅಂತಾರಾಷ್ಟ್ರೀಯ ಅನ್ನುವುದಕ್ಕೆ ನೇಪಾಳದಿಂದ ಒಂದು ಸಣ್ಣ ತಂಡ ಬಂದಿತ್ತು, ಅಷ್ಟೇ. ನಿಜವಾದ ವಿಶ್ವ ಚಾಂಪಿಯನ್‌ಶಿಪ್ 1970ರಲ್ಲಿ ಟೋಕಿಯೊದಲ್ಲಿ ಶುರುವಾಯಿತು. ಅಲ್ಲಿಗೆ ಹೋಗಬೇಕಾದರೆ ದೇಶದ ತಂಡಕ್ಕೆ ಆಯ್ಕೆ ಆಗಬೇಕು, ದುಡ್ಡು ಕಟ್ಟಿದರೆ ಆಗುವುದಿಲ್ಲ. ನಮ್ಮಂಥ ತಂದೆತಾಯಿಗೆ ಈ ವ್ಯತ್ಯಾಸ ಯಾರು ಹೇಳಿದ್ದಾರೆ? ನಮ್ಮ ಓಣಿಯ ಹುಡುಗನೊಬ್ಬ ಇಂಥವೇ ಒಂಬತ್ತು ಸರ್ಟಿಫಿಕೇಟು ಫೈಲಿನಲ್ಲಿ ಇಟ್ಟುಕೊಂಡು ಕ್ರೀಡಾ ಕೋಟಾದ ಸೀಟು ಕೇಳಲು ಹೋಗಿದ್ದ. ಒಂದೂ ನಡೆಯಲಿಲ್ಲ. ಅದನ್ನು ಹೇಳುವಾಗ ಅವನ ತಾಯಿ ಅತ್ತುಬಿಟ್ಟರು.

ಇರಲಿ, ಮೂವರಾದರೂ ಆಡಿಸಬಹುದಿತ್ತು ಅಲ್ವಾ? ಮೂರು ಪಂದ್ಯ, ಹತ್ತು ನಿಮಿಷದ ಕೆಲಸ. ಮಗಳು ಗ್ಲೌಸ್ ಹಾಕಿಕೊಂಡು, ಹಲ್ಲಿಗೆ ಗಾರ್ಡ್ ಇಟ್ಟುಕೊಂಡು ಮ್ಯಾಟಿನ ಅಂಚಿಗೆ ನಿಂತಳು. ಮೈಕ್ ಹಿಡಿದವರು ಬಂದು, "ಟೈಮ್ ಇಲ್ಲರೀ, ಹಾಲ್ ಖಾಲಿ ಮಾಡಬೇಕು, ಮೂರು ಮಂದಿಗೂ ಮೆಡಲ್ ಅವ" ಅಂದರು. ಹುಡುಗಿಯರು ನಿಂತ ಸಾಲಿನಲ್ಲೇ ಕೊರಳಿಗೆ ಹಾಕುತ್ತಾ ಹೋದರು. ಮೊದಲು ನಿಂತಿದ್ದವಳು ನನ್ನ ಮಗಳು. ಅವಳಿಗೆ ಚಿನ್ನ. ಎರಡನೆಯವಳು ಶಹಾಬಾದ್‌ನ ಹುಡುಗಿ, ಬೆಳ್ಳಿ. ಮೂರನೆಯ ಪುಟ್ಟಿಗೆ ಕಂಚು. ಅವಳು ಏನು ಸೋತಿದ್ದಳು ಅಂತ ಕಂಚು? ಅವಳು ಅಳುತ್ತಿದ್ದಳು.

ನಾನು ಹೋಗಿ ಜಗಳ ಮಾಡಿದೆ. ಹಿಂದೆ ನಿಂತಿದ್ದ ಒಬ್ಬರು, "ಬಂಗಾರ ಬಂತಲ್ರೀ, ಇನ್ನೇನ್ ಬೇಕು ನಿಮಗ?" ಅಂದರು. ಅವರ ಮಗನಿಗೂ ಬಂದಿತ್ತು. ನನಗೆ ಏನು ಬೇಕು ಅಂತ ಅವರಿಗೆ ಹೇಗೆ ಹೇಳಲಿ? ಫೋಟೊ ತೆಗೆಯಲು ಕರೆದರು. ಮಗಳು ನಿಂತಳು, ನಗಲಿಲ್ಲ. ಆಯಿಯ ಫೋಟೊ ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಗಾಡಿಯಲ್ಲಿ ಬರುವಾಗ ಜಗತ್ ಸರ್ಕಲ್ ದಾಟಿದ ಮೇಲೆ ಹಿಂದಿನಿಂದ ಕೇಳಿದಳು, "ಅಪ್ಪಾ, ಸೋತಿದ್ರ ಛಲೋ ಇತ್ತಲ್ಲ? ಆಡಿದಂಗರ ಆಗ್ತಿತ್ತು."

ನಾಲ್ಕು ತಿಂಗಳು ಚಾಕ್‌ಪೀಸಿನ ಗೆರೆಗೆ ಒದ್ದ ಮಗುವಿಗೆ ಇದಾ ಕೊಡೋದು? ಸುಳ್ಳು ಪದಕ ಕೊಟ್ಟು ಅವಳ ಆಟವನ್ನು ಕಿತ್ತುಕೊಂಡರು. ಇದು ಮೋಸ. ಮಕ್ಕಳಿಗೆ ಮಾಡಿದ ಮೋಸ.

ಅವಳಿಗೆ ಕಲಿಸುವ ಸರ್ ಆ ದಿನ ಅಲ್ಲಿ ರೆಫರಿ ಆಗಿದ್ದರು. ಅವರಿಗೂ ಬೇಸರ ಆಗಿತ್ತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಆಗಲೇ ಬಾಯಿ ಬಿಡಬೇಕಿತ್ತು ಅಂತ ಅವರಿಗೆ ಮುಖಕ್ಕೇ ಹೇಳಿದ್ದೇನೆ. ಅವರೇ ಶಹಾಬಾದ್‌ನವರ ನಂಬರ್ ಹುಡುಕಿ ಫೋನ್ ಮಾಡಿದರು. ಮೊನ್ನೆ ಭಾನುವಾರ ಬೆಳಿಗ್ಗೆ ಆ ಹುಡುಗಿ, ಅವಳ ತಾಯಿ ಬಸ್ಸಿಗೆ ಬಂದರು. ಹೆಣ್ಣುಮಕ್ಕಳಿಗೆ ಫ್ರೀ ಇರುವುದರಿಂದ ಟಿಕೆಟಿನ ಖರ್ಚೂ ಇಲ್ಲ. ಮೈದಾನದ ಮೂಲೆಯಲ್ಲಿ ಒಂದು ಚೌಕ ಗೆರೆ ಎಳೆದು ಸರ್ ಆಡಿಸಿದರು. ನನ್ನ ಮಗಳು ನೀಲಿ. ಐದು–ಮೂರರಲ್ಲಿ ಸೋತಳು. ಆ ಮೂರು ಪಾಯಿಂಟ್ ಒಂದೇ ಒದೆತದಲ್ಲಿ ಬಂದಿದ್ದು. ಆಡಿದ ಮೇಲೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಸುಸಲಾ ತಿಂದರು.

ಇದಕ್ಕೆ ಹಿಡಿದಿದ್ದು ಐದು ನಿಮಿಷ. 1,500 ರೂಪಾಯಿ ತೆಗೆದುಕೊಂಡು, ಬೆಳಿಗ್ಗೆಯಿಂದ ಸಂಜೆವರೆಗೆ ಉಪವಾಸ ಕೂರಿಸಿ, ಈ ಐದು ನಿಮಿಷ ಕೊಡೋಕೆ ಅವರಿಗೆ ಏನಾಗಿತ್ತು?