ಬಸರಾಳಿನ ಹುಡುಗಿಗೆ ಮೋನಾಲಿಸಾ ಯಾಕೆ ಬೇಕಿತ್ತು?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಾಕಿದರೆ ಸ್ವಲ್ಪ ಇಳಿಯಬಹುದು ಅಂತ ಬರೆಯುತ್ತಿದ್ದೇನೆ. ಉದ್ದ ಇದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಹೇಗೂ ಅದನ್ನೇ ಮಾಡುತ್ತೀರಿ.

ನನ್ನ ಹತ್ತಿರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿತ ಹುಡುಗಿ ಒಬ್ಬಳಿದ್ದಾಳೆ. ಮಂಡ್ಯ ಜಿಲ್ಲೆಯ ಬಸರಾಳಿನ ಪಕ್ಕದ ಊರು. ಅಪ್ಪ ಕಬ್ಬು ಬೆಳೆಯುತ್ತಾರೆ. ದೃಶ್ಯಕಲೆಯ ಪದವಿ ಬಿವಿಎ ಮುಗಿಸಿದಳು, ಈಗ ಕಲಾ ಇತಿಹಾಸದಲ್ಲಿ ಎಂ.ಎ. ಮಾಡುತ್ತೇನೆ ಅಂತ ಹೊರಟಿದ್ದಾಳೆ. ಗುಜರಾತಿನ ಬರೋಡಾ ಯೂನಿವರ್ಸಿಟಿ, ದೆಹಲಿಯ ಜೆಎನ್‌ಯು ಎರಡೂ ಲಿಸ್ಟಿನಲ್ಲಿವೆ. ಧೈರ್ಯ ಮಾಡಿ ಅಮೆರಿಕದ ಒಂದೆರಡು ಯೂನಿವರ್ಸಿಟಿಗೂ ಅರ್ಜಿ ಹಾಕುತ್ತಿದ್ದಾಳೆ. ಡ್ರಾಯಿಂಗ್ ಪೀರಿಯಡ್ ಅಂದರೆ ಗಣಿತದ ಮೇಷ್ಟ್ರು ಕಿತ್ತುಕೊಳ್ಳುವ ಪೀರಿಯಡ್ ಅಂತಲೇ ಇರುವ ನಮ್ಮ ಲೋಕದಲ್ಲಿ ಒಬ್ಬಳು ಇಷ್ಟು ದೂರ ಯೋಚನೆ ಮಾಡಿದ್ದೇ ನನಗೆ ಹಬ್ಬ.

ಅವಳು ನಿನ್ನೆ ವಾಟ್ಸಾಪಿನಲ್ಲಿ ತನ್ನ ಎಸ್‌ಒಪಿ ಕಳಿಸಿದಳು. "ಸರ್, ಒಂದ್ಸಲ ನೋಡಿ ಹೇಳಿ" ಅಂತ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಯಾರು, ಏನು ಓದಬೇಕು ಅಂತಿದ್ದೇನೆ, ನಿಮ್ಮಲ್ಲೇ ಯಾಕೆ ಓದಬೇಕು ಅಂತ ಒಂದೆರಡು ಪುಟದಲ್ಲಿ ಬರೆದುಕೊಡಬೇಕು. ಅದೇ ಎಸ್‌ಒಪಿ. ಹೊರದೇಶದ ಅರ್ಜಿಯಲ್ಲಿ ಮಾರ್ಕ್ಸ್ ಕಾರ್ಡಿನಷ್ಟೇ ತೂಕ ಇದಕ್ಕೂ ಇದೆ. ಒಂದೊಂದು ಸಲ ಜಾಸ್ತಿಯೇ.

ಓದಿದೆ. ಮೊದಲ ಪ್ಯಾರಾದಲ್ಲೇ, ಐದನೇ ವಯಸ್ಸಿನಲ್ಲಿ ಮನೆಯ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಮೋನಾಲಿಸಾ ನಗುವುದನ್ನು ನೋಡಿ ತಾನು ಮೈಮರೆತಳಂತೆ.

ಸ್ವಾಮಿ, ನಾನು ಆ ಮನೆಗೆ ಹೋಗಿದ್ದೇನೆ. ಆ ಗೋಡೆಯ ಮೇಲಿದ್ದ ಕ್ಯಾಲೆಂಡರು ಗೊಬ್ಬರದ ಅಂಗಡಿಯದ್ದು. ಅದರಲ್ಲಿ ಹುಲಿ ಮೇಲೆ ಕೂತ ಮಾದಪ್ಪ ಇದ್ದ.

ಎರಡನೇ ಪ್ಯಾರಾದಲ್ಲಿ ಇಟಲಿಯ ರಿನೈಸಾನ್ಸ್, ಅಂದರೆ ಕಲೆಯ ಪುನರುಜ್ಜೀವನದ ಕಾಲ. ಮೂರನೆಯದರಲ್ಲಿ ಡಚ್ ಚಿತ್ರಕಾರ ವ್ಯಾನ್ ಗೋ ಅನುಭವಿಸಿದ ನೋವು. ಕೊನೆಗೆ ಜಾಗತಿಕ ದೃಷ್ಟಿಕೋನ, ಸಾಂಸ್ಕೃತಿಕ ಸೇತುವೆ, ಇತ್ಯಾದಿ. ಎರಡು ಪುಟದಲ್ಲಿ ಬಸರಾಳು ಅನ್ನುವ ಹೆಸರು ಒಂದು ಸಲವೂ ಇಲ್ಲ. ಮಂಡ್ಯ ಇಲ್ಲ. ಸೋಮನಾಥಪುರ ಇಲ್ಲ. ಹುಡುಗಿ ಹೈಸ್ಕೂಲಿನಲ್ಲಿ ಇದ್ದಾಗ ಗುಡಿಯ ಮುಂದೆ ಕೂತು ಪೆನ್ಸಿಲಿನಲ್ಲಿ ಬರೆದ ಪುಸ್ತಕಗಟ್ಟಲೆ ಚಿತ್ರ ಇದೆಯಲ್ಲ, ಅದರ ಸುದ್ದಿಯೇ ಇಲ್ಲ.

ಯಾರಮ್ಮ ಬರೆದಿದ್ದು ಅಂದೆ. ಮೈಸೂರಿನಲ್ಲಿ ಒಂದು ಕನ್ಸಲ್ಟೆನ್ಸಿ ಇದೆಯಂತೆ, ಅವರು. ಹೆಸರು ಇಲ್ಲಿ ಹಾಕಲ್ಲ, ಕೇಳಬೇಡಿ. ಇವಳು ಒಂದು ಫಾರಂ ತುಂಬಿ ಕೊಟ್ಟಳಂತೆ, ಹೆಸರು, ಪರ್ಸೆಂಟೇಜು, ಹವ್ಯಾಸ. ಮೂರು ದಿನದಲ್ಲಿ ಎಸ್‌ಒಪಿ ಬಂತಂತೆ. ಮದುವೆ ಕರೆಯೋಲೆ ಪ್ರಿಂಟ್ ಹಾಕಿಸಿದ ಹಾಗೆ, ಸಾಲುಗಳು ಅವೇ, ಹೆಸರು ಮಾತ್ರ ಬೇರೆ. ಅಪ್ಪ ಕಬ್ಬಿನ ಬಿಲ್ಲಿನ ದುಡ್ಡಿನಲ್ಲಿ ಫೀಸು ಕಟ್ಟಿದ್ದಾರೆ. ಕಬ್ಬಿನ ಬಿಲ್ಲು ಎಷ್ಟು ಸತಾಯಿಸಿ ಬರುತ್ತದೆ ಅಂತ ಮಂಡ್ಯದವರಿಗೆ ನಾನೇನು ಹೇಳಬೇಕಾಗಿಲ್ಲ.

ಈಗ ಬಸರಾಳಿನ ವಿಷಯಕ್ಕೆ ಬರುತ್ತೇನೆ. ಮಂಡ್ಯದಿಂದ ಒಂದು ಗಂಟೆಯೂ ಬೇಡ. ಅಲ್ಲಿರುವುದು ಮಲ್ಲಿಕಾರ್ಜುನ ದೇವಸ್ಥಾನ, 1234ರ ಸುಮಾರಿನದು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಬಳಪದ ಕಲ್ಲಿನ ಗೋಡೆ ತುಂಬಾ ಶಿಲ್ಪ. ಹದಿನಾರು ಕೈಯ ಶಿವ ಕುಣಿಯುತ್ತಿದ್ದಾನೆ. ರಾವಣ ಕೈಲಾಸ ಎತ್ತುತ್ತಿದ್ದಾನೆ. ಅರ್ಜುನ ಮೀನಿಗೆ ಬಾಣ ಬಿಟ್ಟಿದ್ದಾನೆ, ದ್ರೌಪದಿ ಹಾರ ಹಿಡಿದು ಬರುತ್ತಿದ್ದಾಳೆ. ಈ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಕೇಳಿದ್ದಳು. "ಸರ್, ಬಾಣ ಬಿಟ್ಟ ಮೇಲೆ ತಾನೇ ಹಾರ? ಎರಡೂ ಒಂದೇ ಕಲ್ಲಲ್ಲಿ ಯಾಕಿದೆ?"

ಇದಕ್ಕಿಂತ ಒಳ್ಳೆ ಎಸ್‌ಒಪಿ ಬೇಕಾ? ಒಂದು ಕಲ್ಲಿನಲ್ಲಿ ಶಿಲ್ಪಿ ಎರಡು ಗಳಿಗೆಯನ್ನು ಹೇಗೆ ತೋರಿಸುತ್ತಾನೆ, ನೋಡುವವರು ಅದನ್ನು ಹೇಗೆ ಓದುತ್ತಾರೆ. ಈ ಪ್ರಶ್ನೆ ಹಿಡಿದು ದೊಡ್ಡ ದೊಡ್ಡ ವಿದ್ವಾಂಸರು ಪುಸ್ತಕ ಬರೆದಿದ್ದಾರೆ. ಈ ಹುಡುಗಿ ಅದನ್ನು ಚಡ್ಡಿ ಹುಡುಗರ ಗಲಾಟೆ ನಡುವೆ ಕೂತು ಕೇಳಿದ್ದಳು. ಕನ್ಸಲ್ಟೆನ್ಸಿಯ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನನ್ನ ಹೆಂಡತಿ ಇದನ್ನೆಲ್ಲ ಕೇಳಿ ಒಂದು ಮಾತು ಹೇಳಿದಳು. "ಅಮೆರಿಕದವರಿಗೆ ಬಸರಾಳು ಎಲ್ಲಿ ಗೊತ್ತಿರುತ್ತೆ ರೀ? ಮೋನಾಲಿಸಾ ಅಂದರೆ ಎಲ್ಲರಿಗೂ ಗೊತ್ತು." ನೀವೂ ಕೆಲವರು ಕಾಮೆಂಟಿನಲ್ಲಿ ಇದನ್ನೇ ಬರೆಯುತ್ತೀರಿ, ನನಗೆ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ಕೆಲಸಕ್ಕೆ ಬರಲ್ಲ. ಅರ್ಜಿ ಓದುವ ಪ್ರೊಫೆಸರಿಗೆ ಮೋನಾಲಿಸಾ ಬಗ್ಗೆ ಹೇಳಲು ಇವಳ ಹತ್ತಿರ ಏನಿದೆ? ಇನ್ನು ಹೊಯ್ಸಳರ ವಿಷಯ. ಜೆರಾರ್ಡ್ ಫೂಕೆಮಾ ಅಂತ ಡಚ್ಚರವನೊಬ್ಬ ಹೊಯ್ಸಳ ದೇವಾಲಯಗಳ ಮೇಲೇ ಪುಸ್ತಕ ಬರೆದಿದ್ದಾನೆ. ಬ್ರಿಟನ್ನಿನ ಆಡಂ ಹಾರ್ಡಿ ಕರ್ನಾಟಕದ ದೇವಾಲಯಗಳ ವಾಸ್ತುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅವರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ನಮ್ಮ ಕನ್ಸಲ್ಟೆನ್ಸಿಗೆ.

ಇಂಗ್ಲಿಷ್ ಚೆನ್ನಾಗಿರಬೇಡ್ವಾ ಅನ್ನುವವರಿಗೆ, ಇರಬೇಕು. ತಿದ್ದಿಸಿಕೊಳ್ಳಲಿ. ವ್ಯಾಕರಣ ತಿದ್ದಲು ದುಡ್ಡು ತೆಗೆದುಕೊಂಡರೆ ನನಗೇನೂ ಸಿಟ್ಟಿಲ್ಲ. ಅವಳ ಬಾಲ್ಯವನ್ನೇ ತಿದ್ದಿದರಲ್ಲ, ಅದಕ್ಕೆ ಸಿಟ್ಟು.

ಸೋಮನಾಥಪುರ ಅಂದೆನಲ್ಲ, ಅಲ್ಲಿನ ಕೇಶವ ದೇವಾಲಯ ಹದಿಮೂರನೇ ಶತಮಾನದ್ದು. ನಮ್ಮ ದೇಶದ ಹಳೇ ಶಿಲ್ಪಗಳಲ್ಲಿ ಮಾಡಿದವನ ಹೆಸರು ಸಿಗುವುದು ಅಪರೂಪ. ಅಲ್ಲಿ ವಿಗ್ರಹದ ಕೆಳಗೇ ಹೆಸರು ಕೆತ್ತಿದ್ದಾರೆ. ಮಲ್ಲಿತಮ್ಮ ಅನ್ನುವ ಒಬ್ಬನ ಹೆಸರೇ ನಲವತ್ತರ ಆಸುಪಾಸು ವಿಗ್ರಹಗಳ ಮೇಲಿದೆ. ಜೊತೆಗೆ ಮಸಣಿತಮ್ಮ, ಚೌಡಯ್ಯ, ನಂಜಯ್ಯ. ಇವತ್ತಿಗೂ ಮಂಡ್ಯದ ಯಾವ ಊರಿಗೆ ಹೋಗಿ ಚೌಡಯ್ಯ, ನಂಜಯ್ಯ ಅಂತ ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಾರೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಆರ್. ನರಸಿಂಹಾಚಾರ್ ಈ ದೇವಾಲಯದ ಮೇಲೆ 1917ರಲ್ಲೇ ಪುಸ್ತಕ ತಂದರು. ನೂರು ವರ್ಷದ ಹಿಂದೆ ಶುರುವಾದ ಕೆಲಸ. ಇದನ್ನು ಮುಂದುವರಿಸಲು ಯಾರು ಬೇಕು? ಕ್ಯಾಲೆಂಡರಿನಲ್ಲಿ ಮೋನಾಲಿಸಾ ನೋಡಿದವಳಾ?

ಹೋಗಲಿ, ದೇವಸ್ಥಾನ ಬೇಡ ಅನ್ನಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆ. ಇಂಗ್ಲಿಷರು ಸೋತ ಯುದ್ಧ, ಪಲ್ಲಕ್ಕಿಯಲ್ಲಿ ಕೂತ ಅವರ ದಂಡನಾಯಕ ಕರ್ನಲ್ ಬೇಲಿ. ನಾವೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿ, ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದು ಬಂದವರೇ. ಆ ಚಿತ್ರದ ಕಥೆ ಗೊತ್ತಾ? ಅದರ ಮೇಲೆ ಸುಣ್ಣ ಬಳಿದಿದ್ದರು. ಡಾಲ್‌ಹೌಸಿ, ಇಂಗ್ಲಿಷರ ಗವರ್ನರ್ ಜನರಲ್, ಇಲ್ಲಿಗೆ ಬಂದಾಗ ಮತ್ತೆ ಬರೆಯಲು ಆಜ್ಞೆ ಮಾಡಿದ. ಹಾಗಾದರೆ ಈಗ ನಾವು ನೋಡುತ್ತಿರುವುದು ಯಾರ ಚಿತ್ರ? ಗೆದ್ದ ಟಿಪ್ಪು ಬರೆಸಿದ್ದಾ, ಅವನನ್ನು ಸೋಲಿಸಿದವರು ಬರೆಸಿದ್ದಾ? ತಮ್ಮ ಸೋಲಿನ ಚಿತ್ರವನ್ನು ಇಂಗ್ಲಿಷರು ದುಡ್ಡು ಕೊಟ್ಟು ಯಾಕೆ ಬರೆಸಿದರು? ಕಲಾ ಇತಿಹಾಸ ಅಂದರೆ ಇಂಥದ್ದನ್ನು ಕೇಳೋದು. "ಚಿತ್ರ ಎಷ್ಟು ಸುಂದರ" ಅಂತ ಬರೆಯೋದಲ್ಲ. ಬೈಕ್ ಹತ್ತಿದರೆ ಮಂಡ್ಯದಿಂದ ಅರ್ಧ ಗಂಟೆಯ ದಾರಿ, ಆದರೆ ನಮ್ಮ ಮಕ್ಕಳು ಪ್ಯಾರಿಸ್ಸಿನಿಂದ ಶುರು ಮಾಡುತ್ತಾರೆ.

ಮೈಸೂರಿನವರು ನಗಬೇಡಿ. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತು "ರವಿವರ್ಮ, ಏನ್ ಕೈ ಅಲ್ವಾ" ಅನ್ನುವವರು ಇವತ್ತಿಗೂ ಸಿಗುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಣಕರ್. ಜಲವರ್ಣ. ದೀಪ ಹಿಡಿದು ನಿಂತವಳು ಅವರ ಮಗಳು.

ಇನ್ನು ಶಿಫಾರಸು ಪತ್ರದ ಕಥೆ. ಸಾಮಾನ್ಯವಾಗಿ ಮೂರು ಬೇಕು. ನಮ್ಮ ಮೇಷ್ಟ್ರುಗಳು ಏನಂತಾರೆ? "ನೀನೇ ಟೈಪ್ ಮಾಡ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ." ಪಾಪದ ಹುಡುಗಿ ತನ್ನನ್ನು ತಾನೇ ಮೂರು ಸಲ ಹೊಗಳಿಕೊಳ್ಳಬೇಕು. ಒಬ್ಬರ ಪತ್ರದಲ್ಲಿ "ಶ್ರದ್ಧಾವಂತೆ", ಇನ್ನೊಬ್ಬರದರಲ್ಲಿ "ಅತ್ಯಂತ ಶ್ರದ್ಧಾವಂತೆ". ಜೊತೆಗೆ ಪತ್ರವನ್ನು ಕಾಲೇಜಿನ ಇಮೇಲಿನಿಂದ ಆನ್‌ಲೈನಿನಲ್ಲಿ ಹಾಕಬೇಕು ಅಂದರೆ ಅರ್ಧ ಜನಕ್ಕೆ ಆ ಇಮೇಲೇ ಇಲ್ಲ, ಇದ್ದವರಿಗೆ ಪಾಸ್‌ವರ್ಡ್ ನೆನಪಿಲ್ಲ. ನಾನೂ ಮೇಷ್ಟ್ರೇ, ನಮ್ಮವರನ್ನೇ ಬೈಯುತ್ತಿದ್ದೇನೆ, ಬೇಜಾರಾದವರು ಬೇಜಾರಾಗಲಿ. ಕಲಿಸಿದ ಮಗುವಿನ ಬಗ್ಗೆ ಒಂದು ಪುಟ ಬರೆಯಲು ಆಗದಿದ್ದರೆ ಕ್ಲಾಸಿನಲ್ಲಿ ಏನು ನೋಡುತ್ತಿದ್ದಿರಿ?

ನಮ್ಮ ದೇಶದ ಅರ್ಜಿಗಳೇನೂ ಸಾಚಾ ಅಲ್ಲ. ಜೆಎನ್‌ಯು ಎಂ.ಎ.ಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಕಂಪ್ಯೂಟರಿನ ಮುಂದೆ ಕೂತು ಎ, ಬಿ, ಸಿ, ಡಿ ಒತ್ತೋದು. ಒಂದು ಶಿಲ್ಪದ ಮುಂದೆ ಅರ್ಧ ಗಂಟೆ ನಿಲ್ಲುವ ತಾಳ್ಮೆ ಇದೆಯಾ ಅಂತ ಅದು ಕೇಳಲ್ಲ. ಕನಿಷ್ಠ ಎಸ್‌ಒಪಿಯಾದರೂ ಕೇಳುತ್ತದೆ. ಮಗು ತನ್ನ ಮಾತಿನಲ್ಲಿ ಮಾತಾಡಲು ಇರುವುದು ಅದೊಂದೇ ಜಾಗ. ಅದನ್ನೂ ನಾವು ದುಡ್ಡು ಕೊಟ್ಟು ಬೇರೆಯವರ ಬಾಯಿಗೆ ಒಪ್ಪಿಸಿಬಿಟ್ಟೆವು.

ಒಂದು ನಿಜ ಹೇಳಿಬಿಡುತ್ತೇನೆ. ಇಷ್ಟೆಲ್ಲ ಸಿಟ್ಟಿನ ಒಳಗೆ ಹೊಟ್ಟೆಕಿಚ್ಚೂ ಇದೆ. ನನ್ನ ಕಾಲದಲ್ಲಿ ನಾನೂ ಬರೋಡಾದಿಂದ ಅರ್ಜಿ ಫಾರಂ ತರಿಸಿದ್ದೆ. ಅಪ್ಪ ನೋಡಿದರು. "ಕಲ್ಲು ನೋಡಕೆ ಗುಜರಾತಿಗ್ಯಾಕ್ಲಾ ಹೋಗ್ಬೇಕು, ಇಲ್ಲೇ ಬೇಕಾದಷ್ಟು ಬಿದ್ದವೆ" ಅಂದರು. ಆಮೇಲೆ ಡ್ರಾಯಿಂಗ್ ಮೇಷ್ಟ್ರ ಕೆಲಸ, ಮದುವೆ, ಎಲ್ಲ ನಿಮಗೆ ಗೊತ್ತಿರುವುದೇ. ಅಪ್ಪನ ಮಾತಿನ ಮೊದಲರ್ಧ ಈಗಲೂ ಒಪ್ಪಲ್ಲ. ಉಳಿದರ್ಧಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

"ಇದನ್ನು ಓದಿದರೆ ಕೆಲಸ ಸಿಗುತ್ತಾ?" ಅನ್ನುವ ಮಾವಂದಿರಿಗೆ ಚಿಕ್ಕ ಉತ್ತರ. ನೆಟ್ ಪರೀಕ್ಷೆಯಲ್ಲಿ ದೃಶ್ಯಕಲೆ ವಿಷಯವಿದೆ, ಪಾಸಾದರೆ ಪಾಠ ಮಾಡಬಹುದು. ಮ್ಯೂಸಿಯಂ, ಗ್ಯಾಲರಿ, ಹರಾಜು ಕಂಪನಿಗಳಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಹೊಸದಾಗಿ ಒಂದು ಕಲಾ ಮ್ಯೂಸಿಯಂ ಬಾಗಿಲು ತೆಗೆದಿದೆ. ನಿಮ್ಮ ಇಂಜಿನಿಯರ್ ಮಗನಿಗೆ ಕೆಲಸ ಸಿಕ್ಕಿತಾ ಅಂತ ನಾನು ಯಾವತ್ತಾದರೂ ಕೇಳಿದ್ದೇನಾ?

ಕೊನೆಗೆ ನನ್ನ ಪಿತ್ತ ನೆತ್ತಿಗೇರಿದ್ದು ಯಾವುದಕ್ಕೆ ಹೇಳುತ್ತೇನೆ. ಅರ್ಜಿಯಲ್ಲಿ ಯಾವ ಯಾವ ಭಾಷೆ ಬರುತ್ತದೆ ಅಂತ ಒಂದು ಕಾಲಂ ಇದೆ. ಅಮೆರಿಕದಲ್ಲಿ ಮುಂದೆ ಪಿಎಚ್‌ಡಿ ಮಾಡುವುದಾದರೆ ಜರ್ಮನ್, ಫ್ರೆಂಚ್ ಓದಲು ಬರಬೇಕು ಅಂತ ಕೇಳುವ ವಿಭಾಗಗಳು ಎಷ್ಟೋ ಇವೆ. ಜೊತೆಗೆ ನಿಮ್ಮ ಸಂಶೋಧನೆಗೆ ಬೇಕಾದ ಭಾಷೆಯೂ ಬರಬೇಕು. ಹೊಯ್ಸಳರ ಮೇಲೆ ಕೆಲಸ ಮಾಡುವವರಿಗೆ ಬೇಕಾದ ಭಾಷೆ ಯಾವುದು ಸ್ವಾಮಿ? ಶಾಸನಗಳು ಯಾವ ಭಾಷೆಯಲ್ಲಿವೆ? ಮಲ್ಲಿತಮ್ಮ ತನ್ನ ಹೆಸರನ್ನು ಯಾವ ಅಕ್ಷರದಲ್ಲಿ ಕೆತ್ತಿದ? ಕನ್ಸಲ್ಟೆನ್ಸಿಯವರು ಆ ಕಾಲಂನಲ್ಲಿ ಏನು ತುಂಬಿದ್ದರು ಗೊತ್ತಾ? ಇಂಗ್ಲಿಷ್. ಹಿಂದಿ, ಸಾಧಾರಣ.

ಕನ್ನಡ ಇಲ್ಲ. ಹೊರಗಿನವರು ವರ್ಷಗಟ್ಟಲೆ ಕೂತು ಕಲಿಯಬೇಕಾದ ಭಾಷೆ ಈ ಹುಡುಗಿಗೆ ಮನೆಯಲ್ಲೇ ಸಿಕ್ಕಿದೆ, ಅದನ್ನು ಬರೆಯುವುದು ಬೇಡ ಅಂದರಂತೆ. "ಲೋಕಲ್ ಲಾಂಗ್ವೇಜ್ ಮ್ಯಾಟರ್ ಆಗಲ್ಲ ಮೇಡಂ" ಅಂತ.

ನಿನ್ನೆ ರಾತ್ರಿಯೇ ಫೋನ್ ಮಾಡಿದೆ. ಆ ಪಿಡಿಎಫ್ ಡಿಲೀಟ್ ಮಾಡು, ಒಂದು ಹಾಳೆ ತಗೋ, ಅರ್ಜುನನ ಬಾಣದ ವಿಷಯ ಕನ್ನಡದಲ್ಲೇ ಬರಿ, ಇಂಗ್ಲಿಷ್ ಆಮೇಲೆ ನೋಡಿಕೊಳ್ಳೋಣ ಅಂದೆ. "ಸರ್, ಅಪ್ಪ ದುಡ್ಡು ಕಟ್ಟಿಬಿಟ್ಟಿದ್ದಾರೆ" ಅಂದಳು. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಈಗ ನಿಮ್ಮಿಂದ ಎರಡು ಸಹಾಯ ಬೇಕು. ಕಲಾ ಇತಿಹಾಸ ಓದಿದವರು, ಬರೋಡಾದಲ್ಲೋ ಶಾಂತಿನಿಕೇತನದಲ್ಲೋ ಹೊರದೇಶದಲ್ಲೋ ಇರುವವರು, ಅವಳು ಹೊಸದಾಗಿ ಬರೆದದ್ದನ್ನು ಒಮ್ಮೆ ಓದಿ ಕೊಡಿ. ತಿದ್ದಿ, ಬೈಯಿರಿ, ಆದರೆ ನೀವೇ ಬರೆದುಕೊಡಬೇಡಿ. ಇನ್ನೊಂದು, ಹೊಯ್ಸಳರ ಕಾಲದ ಶಾಸನ ಓದಲು ಕಲಿಸುವವರು ಮಂಡ್ಯದಲ್ಲೋ ಮೈಸೂರಿನಲ್ಲೋ ಯಾರಾದರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಅವಳ ಜೊತೆ ನಾನೂ ಬಂದು ಕೂರುತ್ತೇನೆ. ಅಮೆರಿಕದ ಅರ್ಜಿಗಳಿಗೆ ಡಿಸೆಂಬರಿನಲ್ಲೇ ಕೊನೆ ದಿನ, ಬೇಗ ಹೇಳಿ.