ಸಾವಿರಕ್ಕೆ 1094: ಗಂಡಸರು ಎಲ್ಲಿ ಹೋದರು?

ಸಾವಿರ ಗಂಡಸರಿಗೆ 1094 ಹೆಂಗಸರು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಲೆಕ್ಕ ಇದು, ಕರ್ನಾಟಕಕ್ಕೇ ಮೊದಲ ಸ್ಥಾನ. ರಾಜ್ಯದ ಸರಾಸರಿ 973. ವೇದಿಕೆಯಲ್ಲಿ ಈ ಸಂಖ್ಯೆ ಹೇಳಿದರೆ ಚಪ್ಪಾಳೆ ಖಂಡಿತ: ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನ ನಾಡು, ಹೆಣ್ಣಿಗೆ ಮರ್ಯಾದೆ ಕೊಡುವ ಊರು ಅಂತ. ಮರ್ಯಾದೆ ಉಂಟು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳ ಲೆಕ್ಕವೂ ಉಂಟು. ಅಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 960 ಕೂಡ ಇಲ್ಲ. ಎಳೆಯ ಪ್ರಾಯದಲ್ಲಿ ಕಡಿಮೆ ಇದ್ದವರು ಒಟ್ಟು ಲೆಕ್ಕದಲ್ಲಿ ಜಾಸ್ತಿಯಾದದ್ದು ಹೇಗೆ ಮಾರಾಯ್ರೆ? ಹೆಂಗಸರಿಗೆ ಆಯುಷ್ಯ ಹೆಚ್ಚು, ಅದೊಂದು ಕಾರಣ. ದೊಡ್ಡ ಕಾರಣ, ಗಂಡಸರು ಊರಲ್ಲಿಲ್ಲ.

ಮುಂಬೈ, ದುಬೈ, ಬೆಂಗಳೂರು. ಗಣತಿಯವರು 2011ರಲ್ಲಿ ಮನೆಗೆ ಬಂದದ್ದು ಫೆಬ್ರವರಿ 9ರಿಂದ 28ರ ಒಳಗೆ. ಅಷ್ಟೂ ದಿನ ಹೊರಗಿದ್ದವರನ್ನು ಆ ಮನೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೈವದ ನೇಮಕ್ಕೆ, ನಾಗನ ತಂಬಿಲದ ಪೂಜೆಗೆ ಕಾರುಗಳಲ್ಲಿ ಬಂದು ಅಂಗಳ ತುಂಬುವವರು ಆ ಪುಸ್ತಕದಲ್ಲಿ ಇಲ್ಲ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ನೂರಕ್ಕೆ ಹದಿನೈದರ ಮೇಲೆ ಏರಿದರೆ ನಮ್ಮ ಜಿಲ್ಲೆಯದ್ದು ಆರೂ ಏರಲಿಲ್ಲ.

ಕಾಪು ಕಡೆಯ ನಮ್ಮ ಊರಲ್ಲಿ ಇದು ಹೇಗೆ ಕಾಣುತ್ತದೆ ಹೇಳುತ್ತೇನೆ. ನೆರೆಮನೆಯ ದೊಡ್ಡಮ್ಮನಿಗೆ ಎಂಬತ್ತರ ಹತ್ತಿರ ಪ್ರಾಯ. ಮಕ್ಕಳೆಲ್ಲ ಒಳ್ಳೆಯವರು, ತಿಂಗಳಿಗೆ ಸರಿಯಾಗಿ ಹಣ ಹಾಕುತ್ತಾರೆ. ಆದರೆ ಗ್ಯಾಸಿನವರು ಸಿಲಿಂಡರನ್ನು ಜಗಲಿಯಲ್ಲಿ ಇಟ್ಟು ಹೋದರೆ ಅದನ್ನು ಅಡಿಗೆಕೋಣೆಗೆ ಉರುಳಿಸಲು ಮನೆಯಲ್ಲಿ ಜನ ಇಲ್ಲ. ಪಕ್ಕದ ತೋಟದಲ್ಲಿ ಕೆಲಸಕ್ಕಿರುವ ಕೊಪ್ಪಳದ ಹುಡುಗ ಸಂಜೆ ಬರುವವರೆಗೆ ಅವರು ಕಾಯುತ್ತಾರೆ. "ಅಮ್ಮಾ, ಸಿಲಿಂಡರ್ ಬಂದೈತೇನ್ರಿ?" "ಬಂದುಂಟು ಮಗಾ, ಸ್ವಲ್ಪ ಒಳಗೆ ಇಟ್ಟುಕೊಡು." ಅವನೇ ರೆಗ್ಯುಲೇಟರ್ ಕೂರಿಸಿ, ಒಲೆ ಹಚ್ಚಿ ನೋಡಿ ಹೋಗುತ್ತಾನೆ. ದೊಡ್ಡಮ್ಮನ ರಕ್ತದೊತ್ತಡದ ಮಾತ್ರೆ ಮುಗಿದದ್ದು ಮುಂಬೈಯ ಮಗನಿಗಿಂತ ಮೊದಲು ಗೊತ್ತಾಗುವುದು ಅವನಿಗೆ.

ಹೊರಗಿನವರು ಬಂದು ಊರು ತುಂಬಿಸಿದರು ಅಂತ ಗೊಣಗುವವರಿಗೆ ಈ ಹುಡುಗನನ್ನು ತೋರಿಸಬೇಕು ಅನ್ನಿಸುತ್ತದೆ. ಮಲ್ಪೆಯ ಬೋಟುಗಳಲ್ಲಿ, ಕೆಂಪುಕಲ್ಲಿನ ಕೋರೆಗಳಲ್ಲಿ, ಅಡಿಕೆ ತೋಟಗಳಲ್ಲಿ ದುಡಿಯುವ ಉತ್ತರ ಕರ್ನಾಟಕದವರು, ಒಡಿಶಾದವರು, ಜಾರ್ಖಂಡಿನವರು ಈಗ ನಮ್ಮ ಊರಿನ ಜನಸಂಖ್ಯೆಯೇ. ಕನ್ನಡ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ, ಎಷ್ಟೋ ಕಡೆ ಶಾಲೆ ಉಳಿದದ್ದೇ ಅವರ ಮಕ್ಕಳಿಂದ.

2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ನಿಂತಿತು. ಇನ್ನು ಲೆಕ್ಕ 2027ರ ಮಾರ್ಚ್ 1ಕ್ಕೆ. ಇಷ್ಟು ವರ್ಷ ಹಳೆಯ ಅಂಕಿ ಹಿಡಿದೇ ಯೋಜನೆ ಮಾಡಿದ್ದೇವೆ. ಗ್ರಾಮ ಪಂಚಾಯತಿಗೆ 400 ಜನಕ್ಕೆ ಒಬ್ಬ ಸದಸ್ಯ ಎಂಬುದು ಕಾನೂನು. ತಲೆ ಎಣಿಸುತ್ತೇವೆ, ಪ್ರಾಯ ನೋಡುವುದಿಲ್ಲ. ಮಕ್ಕಳೇ ತುಂಬಿರುವ ಊರಿಗೂ ಮುದುಕರೇ ಉಳಿದಿರುವ ಊರಿಗೂ ಬೇಕಾದದ್ದು ಒಂದೇ ಆಗಲು ಸಾಧ್ಯವೇ?

ಗಣತಿಯ ತನಕ ಕಾಯಬೇಕಾಗಿಲ್ಲ. ಮನೆಮನೆಯ ಪಟ್ಟಿ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಈಗಲೇ ಉಂಟು. ಅದರಿಂದ ಒಂಟಿಯಾಗಿರುವ ಹಿರಿಯರ ಹೆಸರು ತೆಗೆದು, ವಾರಕ್ಕೊಮ್ಮೆ ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಡಲು ಪಂಚಾಯತಿ ಒಂದು ಗಾಡಿ ಮಾಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಕೊಡುತ್ತೇನೆ. ಊರಲ್ಲಿರುವವರು ಬಂದು ಸಹಿ ಹಾಕಿ. ಮುಂಬೈಯಲ್ಲಿರುವವರು ನಿಮ್ಮ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂದು ನನಗೆ ಇನ್‌ಬಾಕ್ಸಿನಲ್ಲಿ ತಿಳಿಸಿ.